ತೊಟ್ಟಿಯಲ್ಲಿ ತೇಲಿಸಿ ನೋಡಿದ ಬಾರ್ಜ್ ಮಾದರಿಗಳು

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯೊಂದರಲ್ಲಿ ಒಳನಾಡು ಜಲಸಾರಿಗೆಯ ಬಾರ್ಜ್, ಅಂದರೆ ಸರಕು ಸಾಗಿಸುವ ಚಪ್ಪಟೆ ತಳದ ದೋಣಿಗಳ, ಮಾದರಿಗಳ ಸೆಟ್ಟೊಂದನ್ನು 1,850 ರೂಪಾಯಿ ಕೊಟ್ಟು ತಂದೆ. ಸರಕನ್ನು ಒಡಲಿನೊಳಗೆ ಸುರಿದು ತುಂಬುವ ತೆರೆದ ಹಾಪರ್ ಬಾರ್ಜ್, ಮುಚ್ಚಳವಿರುವ ಹಾಪರ್, ಮೇಲ್ಭಾಗ ಸಪಾಟಾಗಿರುವ ಡೆಕ್ ಬಾರ್ಜ್ ಮತ್ತು ದ್ರವ ಸಾಗಿಸುವ ಟ್ಯಾಂಕ್ ಬಾರ್ಜ್ ಒಂದೊಂದು, ಇವನ್ನೆಲ್ಲ ಹಿಂದಿನಿಂದ ತಳ್ಳುವ ಪುಶ್ ಬೋಟ್ ಒಂದು ಪೆಟ್ಟಿಗೆಯಲ್ಲಿವೆ. ಭೀಮಾ ನದಿಯ ಹರಿಗೋಲನ್ನು ಬಿಟ್ಟರೆ ಸರಕು ಸಾಗಿಸುವ ದೋಣಿಯನ್ನೇ ಕಾಣದ ನಮ್ಮ ವಿದ್ಯಾರ್ಥಿಗಳಿಗೆ ಇವು ಮೊದಲು ಆಟಿಕೆಯಂತೆಯೇ ಕಂಡವು.

ಅಳತೆಯ ವಿಷಯದಲ್ಲಿ ತಯಾರಕರು ಪ್ರಾಮಾಣಿಕರು. ಮಿಸಿಸಿಪ್ಪಿ ನದಿಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಹಾಪರ್ ಬಾರ್ಜ್ 195 ಅಡಿ ಉದ್ದ, 35 ಅಡಿ ಅಗಲವಿದ್ದು ಸುಮಾರು 1,360 ಟನ್ ಸರಕು ಹೊರುತ್ತದೆ. ಅದನ್ನು 150 ಪಟ್ಟು ಕುಗ್ಗಿಸಿದ ಈ ಮಾದರಿಯ ಉದ್ದ 40 ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಮನೆಯ ಮುಂದಿನ ಸಿಮೆಂಟ್ ತೊಟ್ಟಿಯಲ್ಲಿ ಅದನ್ನು ತೇಲಿಬಿಟ್ಟು, ಅರ್ಧ ಕಿಲೋ ತೊಗರಿ ಬೇಳೆಯನ್ನು ಸಮನಾಗಿ ಹರಡಿದಾಗ, ಬದಿಗೆ ಅಂಟಿಸಿದ ಅಳತೆಪಟ್ಟಿಯ ಪ್ರಕಾರ ಅದು ಇನ್ನೂ 1.8 ಸೆಂಟಿಮೀಟರ್ ಮಾತ್ರ ಮುಳುಗಿತು. ತಳ ಚಪ್ಪಟೆಯಾಗಿ ಅಗಲವಾಗಿದ್ದರೆ ಹೆಚ್ಚು ಭಾರವನ್ನು ಕಡಿಮೆ ನೀರಿನಲ್ಲಿ ಸಾಗಿಸಬಹುದೆಂಬುದನ್ನು, ಹಲಗೆಯ ಮೇಲೆ ಎಷ್ಟು ಬರೆದರೂ ಮೂಡದಷ್ಟು ಸ್ಪಷ್ಟವಾಗಿ, ಆ ಬೇಳೆ ತೋರಿಸಿಕೊಟ್ಟಿತು. ಬೇಳೆಯನ್ನೆಲ್ಲ ಒಂದೇ ತುದಿಗೆ ಸುರಿದಾಗ ಮೂತಿ ನೀರಿಗಿಳಿದು ಹಿಂಭಾಗ ಮೇಲೆದ್ದಿತು. ಸರಕು ತುಂಬುವ ಕ್ರಮದ ಪಾಠಕ್ಕೆ ಅಷ್ಟು ಸಾಕಾಯಿತು. ನೆನೆದ ಬೇಳೆ ಅಂದಿನ ಸಾರಿಗೇ ಹೋಯಿತು.

ಮುಚ್ಚಳವಿರುವ ಹಾಪರ್ ಧಾನ್ಯಕ್ಕೆ, ತೆರೆದದ್ದು ಕಲ್ಲಿದ್ದಲು, ಜಲ್ಲಿಯಂಥ ಸರಕಿಗೆ ಎಂಬ ವ್ಯತ್ಯಾಸ ನೋಡಿದೊಡನೆ ತಿಳಿಯುತ್ತದೆ. ಡೆಕ್ ಬಾರ್ಜಿನ ಮೇಲೆ ಶಹಾಬಾದ್ ಕಲ್ಲಿನ ಚೂರುಗಳನ್ನು ಎತ್ತರಕ್ಕೆ ಪೇರಿಸಿದಾಗ ಅದು ವಾಲತೊಡಗಿತು. ಚೂರುಗಳನ್ನು ಹರಡಿದಾಗ ನೆಟ್ಟಗಾಯಿತು.

ನನ್ನ ಮುಖ್ಯ ದೂರು ಟ್ಯಾಂಕ್ ಬಾರ್ಜಿನ ಮೇಲಿದೆ. ಅರ್ಧದಷ್ಟು ನೀರು ತುಂಬಿ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು, ಒಳಗಿನ ನೀರೆಲ್ಲ ಒಂದು ಬದಿಗೆ ಹರಿದು ಬಾರ್ಜ್ ಮಗುಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ನಮ್ಮ ಬಡಾವಣೆಗಳಿಗೆ ಬರುವ ಅರ್ಧ ಖಾಲಿಯಾದ ನೀರಿನ ಟ್ಯಾಂಕರ್ ತಿರುವಿನಲ್ಲಿ ತೂಗಾಡುವುದೂ ಇದೇ ಕಾರಣಕ್ಕೆ. ನಿಜವಾದ ಟ್ಯಾಂಕ್ ಬಾರ್ಜಿನ ಒಡಲನ್ನು ಉದ್ದಕ್ಕೂ ಅಡ್ಡಕ್ಕೂ ಗೋಡೆಗಳಿಂದ ಹಲವು ಕೋಣೆಗಳಾಗಿ ವಿಭಾಗಿಸಿರುತ್ತಾರೆ. ಮಾದರಿಯ ಒಳಗೆ ಒಂದು ಗೋಡೆಯೂ ಇಲ್ಲ. ಮೇಲಿನ ಹೊದಿಕೆಯನ್ನು ಬಿಚ್ಚಿ, ಹಳೆಯ ಪ್ಲಾಸ್ಟಿಕ್ ಸ್ಕೇಲನ್ನು ಉದ್ದಕ್ಕೆ ಕತ್ತರಿಸಿ, ನಡುವೆ ನಿಲ್ಲಿಸಿ ಅಂಟಿಸಿದ ಮೇಲೆ ಅಷ್ಟೇ ನೀರು, ಅಷ್ಟೇ ತಟ್ಟುವಿಕೆಗೆ ಅದು ಒಮ್ಮೆ ಓಲಾಡಿ ನಿಂತುಕೊಂಡಿತು. ಬೆಲೆಗೆ ಹತ್ತು ರೂಪಾಯಿ ಸೇರಿಸಿದ್ದರೂ ತಯಾರಕರೇ ಈ ಕೆಲಸ ಮಾಡಬಹುದಿತ್ತು.

ಬಾರ್ಜುಗಳನ್ನು ಒಂದಕ್ಕೊಂದು ಬಿಗಿಯಲು ನೂಲು ಮತ್ತು ಕೊಕ್ಕೆಗಳಿವೆ. ನೂಲು ಸಡಿಲವಾಗಿದ್ದರೆ ಸಾಲು ನಡುವೆ ಮಡಚಿಕೊಳ್ಳುತ್ತದೆ. ಬಿಗಿಯಾಗಿ ಕಟ್ಟಿದರೆ ನಾಲ್ಕೂ ಸೇರಿ ಒಂದೇ ಹಡಗಿನಂತೆ ತಿರುಗುತ್ತವೆ. ನದಿಗಳಲ್ಲಿ ಈ ಕೆಲಸಕ್ಕೆ ಉಕ್ಕಿನ ಹಗ್ಗಗಳನ್ನು ಬಳಸುತ್ತಾರೆ. ಮುಂದೆ ಯಾವ ಬಾರ್ಜ್ ಇರಬೇಕೆಂಬುದನ್ನು ಮಾತ್ರ ಕೈಪಿಡಿ ಹೇಳುವುದಿಲ್ಲ. ಮೂತಿ ಇಳಿಜಾರಾಗಿರುವುದು ನೀರನ್ನು ಸೀಳಲು ಮುಂದಿರಬೇಕು, ಚೌಕ ತುದಿಯವು ನಡುವೆ ಒತ್ತಾಗಿ ಕೂರಬೇಕು.

ಕೈಪಿಡಿಯ ಉದಾಹರಣೆಗಳೆಲ್ಲ ಅಮೆರಿಕೆಯವು. 1986ರಲ್ಲಿ ದೇಶದ ಮೊದಲ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿತವಾದ, ಹಲ್ದಿಯಾದಿಂದ ಪ್ರಯಾಗರಾಜದವರೆಗಿನ 1,620 ಕಿಲೋಮೀಟರ್ ಗಂಗಾ ಮಾರ್ಗದ ಹೆಸರೂ ಅದರಲ್ಲಿಲ್ಲ. 2016ರ ಕಾಯಿದೆಯ 111 ಜಲಮಾರ್ಗಗಳ ಪಟ್ಟಿಯಲ್ಲಿ ನಮ್ಮ ಭೀಮಾ ನದಿಯೂ ಇದೆಯೆಂದು ಹೇಳಿದಾಗ, ಬೇಸಿಗೆಯಲ್ಲಿ ಮೊಣಕಾಲು ನೀರಿನಲ್ಲಿ ಅದನ್ನು ದಾಟಿದ ಹುಡುಗನೊಬ್ಬ ನಕ್ಕುಬಿಟ್ಟ. ಅವನೇ ಆಮೇಲೆ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಖಾಲಿ ಮಾಡುತ್ತ, ತುಂಬಿದ ಹಾಪರಿನ ತಳ ಯಾವ ಮಟ್ಟದಲ್ಲಿ ನೆಲಕ್ಕೆ ತಾಗುತ್ತದೆಂದು ಸೀಮೆಸುಣ್ಣದಿಂದ ಗೋಡೆಗೆ ಗುರುತು ಹಾಕಿದ.

ಪ್ರೌಢಶಾಲೆಗಳು ಇದನ್ನು ಕೊಳ್ಳಬಹುದು. ಮುಚ್ಚಳದ ಕೊಂಡಿಗಳು ತೆಳುವಾಗಿವೆ. ನಮ್ಮ ಸೆಟ್ಟಿನಲ್ಲಿ ಎರಡು ಆಗಲೇ ಮುರಿದಿದ್ದು, ಬದಲಿ ಭಾಗ ಬಿಡಿಯಾಗಿ ಸಿಗುವುದಿಲ್ಲವೆಂದು ಅಂಗಡಿಯವರು ತಿಳಿಸಿದ್ದಾರೆ.