ಜರ್ಮನಿಯ ಪರೀಕ್ಷೆ, ಬ್ರಿಟನ್ನಿನ ಪ್ರಬಂಧ: ಎರಡೂ ಕಡೆ ಓದಿದ ಮೇಲೆ ಒಂದು ಹೋಲಿಕೆ

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದವರು ಜರ್ಮನಿಗೆ ಹೋಗಬೇಕೆ, ಬ್ರಿಟನ್ನಿಗೆ ಹೋಗಬೇಕೆ ಎಂದು ಯೋಚಿಸುವಾಗ ಶುಲ್ಕ, ವೀಸಾ, ಉದ್ಯೋಗ ಇವುಗಳನ್ನೇ ತೂಗಿನೋಡುತ್ತಾರೆ. ಅಲ್ಲಿನ ವಿಶ್ವವಿದ್ಯಾಲಯ ನಮ್ಮಿಂದ ಯಾವ ಬಗೆಯ ಓದನ್ನು ನಿರೀಕ್ಷಿಸುತ್ತದೆ ಎಂದು ವಿಚಾರಿಸುವವರು ಕಡಿಮೆ. ವಿನಿಮಯ ವಿದ್ಯಾರ್ಥಿನಿಯಾಗಿ ಜರ್ಮನಿಯಲ್ಲಿ ಒಂದು ಸೆಮಿಸ್ಟರ್ ಕಳೆದು, ಬಳಿಕ ಇಂಗ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿ ಪಡೆದ ನನಗೆ, ಹೊಂದಿಕೊಳ್ಳುವ ಕಷ್ಟವೆಲ್ಲ ಈ ಪ್ರಶ್ನೆಯಲ್ಲಿಯೇ ಇದೆ ಎನ್ನಿಸಿದೆ.

ಜರ್ಮನಿಯ ಪದ್ಧತಿ ಮೊದಲ ನೋಟಕ್ಕೆ ನಮಗೆ ಪರಿಚಿತವಾಗಿಯೇ ಕಾಣುತ್ತದೆ: ಉಪನ್ಯಾಸ, ಲೆಕ್ಕ ಬಿಡಿಸುವ ತರಗತಿ, ಕೊನೆಗೊಂದು ಪರೀಕ್ಷೆ. ಆದರೆ ನಮ್ಮ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯವಸ್ಥೆಯಲ್ಲಿ ಶೇ 85ರ ಹಾಜರಾತಿ ಮತ್ತು ಇಂಟರ್ನಲ್ಸ್ ಎಂಬ ಆಂತರಿಕ ಪರೀಕ್ಷೆಗಳು ನಮ್ಮನ್ನು ಸೆಮಿಸ್ಟರ್ ಉದ್ದಕ್ಕೂ ಎಚ್ಚರದಲ್ಲಿಡುತ್ತವೆ. ಜರ್ಮನಿಯಲ್ಲಿ ಬಹುತೇಕ ಉಪನ್ಯಾಸಗಳಲ್ಲಿ ಹಾಜರಿಯನ್ನೇ ಕೂಗುವುದಿಲ್ಲ. ಅನೇಕ ವಿಷಯಗಳಲ್ಲಿ ಅಂತಿಮ ಪರೀಕ್ಷೆಯೊಂದೇ ಪೂರ್ತಿ ಶ್ರೇಣಿಯನ್ನು ನಿರ್ಧರಿಸುತ್ತದೆ. ಆ ಪರೀಕ್ಷೆಗೂ ಗಡುವಿನೊಳಗೆ ನಾವೇ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕು, ಯಾರೂ ನೆನಪಿಸುವುದಿಲ್ಲ. 1.0 ಅತ್ಯುತ್ತಮ, 4.0 ತೇರ್ಗಡೆಯ ಕೊನೆಯ ಗೆರೆ ಎಂಬ ತಲೆಕೆಳಗಾದ ಶ್ರೇಣಿ ಬೇಗ ರೂಢಿಯಾಗುತ್ತದೆ. ರೂಢಿಯಾಗದೆ ಕಾಡುವುದು ಮರುಪ್ರಯತ್ನದ ಮಿತಿ. ಬ್ಯಾಕ್‌ಲಾಗ್, ಅಂದರೆ ತೇರ್ಗಡೆಯಾಗದ ವಿಷಯ, ಉಳಿದರೆ ಮುಂದಿನ ಸಲ ಬರೆದರಾಯಿತು ಎಂಬ ನಮ್ಮ ಭರವಸೆ ಅಲ್ಲಿ ನಡೆಯದು. ಸಾಮಾನ್ಯವಾಗಿ ಎರಡು ಅಥವಾ ಮೂರು ಅವಕಾಶಗಳಲ್ಲಿ ಕಡ್ಡಾಯ ವಿಷಯವೊಂದು ಕೈತಪ್ಪಿದರೆ ಆ ಕೋರ್ಸೇ ಮುಗಿದಂತೆ, ಬೇರೆ ವಿಶ್ವವಿದ್ಯಾಲಯದಲ್ಲಿ ಅದೇ ಕೋರ್ಸ್ ಮುಂದುವರಿಸುವುದೂ ದುಸ್ತರ. ಪ್ರಾಧ್ಯಾಪಕರನ್ನು ಕಾಣಲು ವಾರದಲ್ಲಿ ನಿಗದಿಯಾದ ವೇಳೆಯಿರುತ್ತದೆ, ಹೋದರೆ ಗಂಭೀರವಾಗಿ ಉತ್ತರಿಸುತ್ತಾರೆ. ಆದರೆ ಹೋಗಬೇಕಾದವರು ನಾವು.

ಇಂಗ್ಲೆಂಡಿನಲ್ಲಿ ಕೈಹಿಡಿದು ನಡೆಸುವವರಿದ್ದಾರೆ. ವೈಯಕ್ತಿಕ ಮಾರ್ಗದರ್ಶಕರು, ಬರವಣಿಗೆ ಕಲಿಸುವ ಕೇಂದ್ರ, ಪ್ರತಿ ಅಸೈನ್‌ಮೆಂಟಿನ ಜೊತೆಗೇ ಅಂಕ ನೀಡುವ ಮಾನದಂಡ, ಎಲ್ಲವೂ ಇವೆ. ಒಂದು ವರ್ಷದಲ್ಲಿ 180 ಕ್ರೆಡಿಟ್ ಮುಗಿಸಬೇಕಾದ್ದರಿಂದ ಉಸಿರಾಡಲು ಬಿಡುವು ಕಡಿಮೆ. ನಿಜವಾದ ತೊಡಕು ಪ್ರಬಂಧದ್ದು. ಪ್ರಶ್ನೆಪತ್ರಿಕೆಗಳ ಸಂಗ್ರಹ ಓದಿ, ಹತ್ತು ಅಂಕದ ಉತ್ತರವನ್ನು ಅಂಶ ಅಂಶವಾಗಿ ಬರೆದು ಬೆಳೆದ ನಮಗೆ, ಇಬ್ಬರು ವಿದ್ವಾಂಸರ ವಾದಗಳನ್ನು ಎದುರುಬದುರು ಇಟ್ಟು ನಮ್ಮ ನಿಲುವನ್ನು ಆಧಾರಸಹಿತವಾಗಿ ಸಮರ್ಥಿಸುವ ಅಭ್ಯಾಸವನ್ನು ಯಾರೂ ಮಾಡಿಸಿರುವುದಿಲ್ಲ. ಪಠ್ಯದ ಸಾಲುಗಳನ್ನು ಹಾಗೆಯೇ ಒಪ್ಪಿಸುವುದು ಇಲ್ಲಿ ಶ್ರದ್ಧೆಯ ಗುರುತು. ಅಲ್ಲಿ ಮೂಲವನ್ನು ಹೆಸರಿಸದಿದ್ದರೆ ಅದು ಕೃತಿಚೌರ್ಯ. ಅಂಕಗಳೂ ಹಾಗೆಯೇ: ಪಿಯುಸಿಯಲ್ಲಿ 90 ದಾಟಿದವರಿಗೆ 64 ಬಂದರೆ ಎದೆ ಕುಸಿಯುತ್ತದೆ, ಆದರೆ ಅಲ್ಲಿನ ಸ್ನಾತಕೋತ್ತರ ಓದಿನಲ್ಲಿ 50 ತೇರ್ಗಡೆ, 60 ಮೆಚ್ಚುಗೆಯ ದರ್ಜೆ, 70 ಅತ್ಯುನ್ನತ ದರ್ಜೆ. ಮನೆಯವರಿಗೆ ಇದನ್ನು ಮೊದಲೇ ವಿವರಿಸಿಡುವುದು ಒಳ್ಳೆಯದು, ಏಕೆಂದರೆ ಫೋನಿನಲ್ಲಿ ಅಂಕ ಕೇಳಿದ ತಂದೆತಾಯಿಯ ಆತಂಕವನ್ನು ದೂರದಿಂದ ಇಳಿಸುವುದು ಸುಲಭವಲ್ಲ.

ಎರಡರಲ್ಲಿ ಯಾವುದಕ್ಕೆ ಬೇಗ ಹೊಂದಿಕೊಳ್ಳಬಹುದು ಎಂದು ಕೇಳಿದರೆ ನಾನು ಇಂಗ್ಲೆಂಡ್ ಎನ್ನುತ್ತೇನೆ. ಪ್ರಬಂಧ ಕಷ್ಟವಾದರೂ, ಪ್ರತಿಯೊಂದಕ್ಕೂ ಲಿಖಿತ ಟಿಪ್ಪಣಿ ಬರುವುದರಿಂದ ನಾವು ಎಲ್ಲಿ ನಿಂತಿದ್ದೇವೆಂಬುದು ಮೊದಲ ಕೆಲವು ತಿಂಗಳಲ್ಲೇ ತಿಳಿಯುತ್ತದೆ. ಜರ್ಮನಿಯಲ್ಲಿ ಅಕ್ಟೋಬರಿನಲ್ಲಿ ಆರಂಭವಾದ ಓದಿನ ಫಲ ಫೆಬ್ರುವರಿ, ಮಾರ್ಚ್‌ವರೆಗೂ ಕಾಣುವುದಿಲ್ಲ. ಆದರೆ ಆಳವಾಗಿ ಕಲಿತದ್ದು ಎಲ್ಲಿ ಎಂದರೆ ನನ್ನ ಉತ್ತರ ಜರ್ಮನಿಯೇ. ವಾರವಾರವೂ ಸಹಪಾಠಿಗಳೊಂದಿಗೆ ಕುಳಿತು ಬಿಡಿಸಿದ ಲೆಕ್ಕಗಳು ಇಂದಿಗೂ ನನ್ನ ಕೆಲಸಕ್ಕೆ ಒದಗುತ್ತಿವೆ. ಗಣಿತದಲ್ಲಿ ಗಟ್ಟಿಯಿದ್ದು, ಯಾರೂ ಹೇಳದೆಯೇ ದಿನಚರಿ ಇಟ್ಟುಕೊಳ್ಳಬಲ್ಲವರು ಜರ್ಮನಿಯನ್ನು ಆರಿಸಿಕೊಳ್ಳಲಿ. ಬ್ರಿಟನ್ನಿಗೆ ಹೊರಟವರು ಬೆಂಗಳೂರು ಬಿಡುವ ಮುನ್ನವೇ ತಮ್ಮ ವಿಷಯದ ಸಂಶೋಧನಾ ಲೇಖನಗಳನ್ನು ಓದಿ, ಪ್ರತಿಯೊಂದಕ್ಕೂ ಒಪ್ಪಿಗೆ ಎಲ್ಲಿ, ತಕರಾರು ಎಲ್ಲಿ ಎಂದು ಒಂದು ಪುಟ ಬರೆದು ರೂಢಿ ಮಾಡಿಕೊಳ್ಳಲಿ.