ಮಕ್ಕಳ ಜೊತೆ ಹಿಮನದಿ: ಥಾಜಿವಾಸೋ, ಗೋಮುಖವೋ?

ಬೆಂಗಳೂರಿಂದ ಮಕ್ಕಳು, ಅಜ್ಜಿ ಎಲ್ಲರೂ ಹೊರಟಿದ್ದೀರಾ? ಹಾಗಾದರೆ ಸುಮ್ನೆ ಕಾಶ್ಮೀರದ ಥಾಜಿವಾಸ್‌ಗೇ ಹೋಗಿ. ಶ್ರೀನಗರದಿಂದ ಸೋನ್‌ಮಾರ್ಗ್ ಸುಮಾರು 80 ಕಿ.ಮೀ., ಅಲ್ಲಿಂದ ಮೂರ್ನಾಲ್ಕು ಕಿ.ಮೀ. ನಡಿಗೆ, ಕಾಲು ನೋವು ಅಂದವರಿಗೆ ಕುದುರೆ ಸಿಗುತ್ತದೆ (ರೇಟು ಮೊದಲೇ ಮಾತಾಡಿ, ಚೌಕಾಸಿಗೆ ನಾಚಿಕೆ ಬೇಡ).

ಉತ್ತರಾಖಂಡದಲ್ಲಿ ಗಂಗೋತ್ರಿ ಹಿಮನದಿಯ ತುದಿಯಾದ ಗೋಮುಖದ ಲೆಕ್ಕವೇ ಬೇರೆ. ಗಂಗೆಯ ಮೂಲಧಾರೆ ಭಾಗೀರಥಿ ಹಿಮದ ಬಾಯಿಂದಲೇ ಹೊರಬರುವುದು ಕಾಣುತ್ತದೆ, ಆ ವಿಷಯದಲ್ಲಿ ಥಾಜಿವಾಸ್ ಹತ್ತಿರಕ್ಕೂ ಬರುವುದಿಲ್ಲ. ಆದರೆ ಗಂಗೋತ್ರಿಯಿಂದ ಹೋಗುವುದೇ ಸುಮಾರು 18 ಕಿ.ಮೀ., ಒಂದೇ ದಿನದಲ್ಲಿ ಹೋಗಿಬರಲು ಮಕ್ಕಳ ಕೈಲಿ ಆಗುವುದಿಲ್ಲ, ದಾರಿಯಲ್ಲಿ ಸಿಗುವ ಭೋಜ್‌ಬಾಸಾದಲ್ಲಿ ರಾತ್ರಿ ತಂಗಬೇಕು, ಅರಣ್ಯ ಇಲಾಖೆಯ ಪರ್ಮಿಟ್ ಬೇರೆ. ಎತ್ತರ ಸುಮಾರು 4,000 ಮೀಟರ್. 900 ಮೀಟರಿನ ಬೆಂಗಳೂರಲ್ಲಿ ಕಬ್ಬನ್ ಪಾರ್ಕ್ ಸುತ್ತಿದ ಅಭ್ಯಾಸ ಅಲ್ಲಿ ನಡೆಯಲ್ಲ. ಚಾರಣ ಮಾಡಿ ಗೊತ್ತಿರುವ ದೊಡ್ಡ ಮಕ್ಕಳಿದ್ದರೆ ಮಾತ್ರ ಯೋಚಿಸಿ.