ಅಮೆರಿಕದ ಹೃದ್ರೋಗ ತಜ್ಞರ ಸಂಬಳ: ಬಿಎಲ್‌ಎಸ್ ಪಟ್ಟಿಯನ್ನು ಓದುವುದು ಹೇಗೆ?

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ (ಬಿಎಲ್‌ಎಸ್) ಉಚಿತವಾಗಿ ಕೊಡುವ ಸಂಬಳದ ಪಟ್ಟಿಯಲ್ಲಿ ಹೃದ್ರೋಗ ತಜ್ಞರ ಸಂಕೇತ 29-1212. ಆ ಪುಟದಲ್ಲಿ ರಾಜ್ಯವಾರು, ನಗರವಾರು ಅಂಕಿಗಳು ಸಿಗುತ್ತವೆ. 2023ರ ಮೇ ಲೆಕ್ಕದಲ್ಲಿ ದೇಶದ ಸರಾಸರಿ ವರ್ಷಕ್ಕೆ 4,23,250 ಡಾಲರ್.

ಎಡವುವುದು ಇಲ್ಲೇ. ಮಧ್ಯಮ ಸಂಬಳದ (ಮೀಡಿಯನ್: ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಗಳಿಸುವ ಅಂಕಿ) ಕಾಲಂನಲ್ಲಿ ಸಂಖ್ಯೆಯ ಬದಲು ಹ್ಯಾಷ್ (#) ಗುರುತು ಕಂಡರೆ ಮಾಹಿತಿ ಇಲ್ಲ ಎಂದಲ್ಲ; 2,39,200 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಎಂದರ್ಥ. ಗಂಟೆಗೆ 115 ಡಾಲರ್, ವರ್ಷಕ್ಕೆ 2,080 ಗಂಟೆ ಎಂಬ ಲೆಕ್ಕದಿಂದ ಬಂದ ಮಿತಿ ಅದು. (ವಾರಕ್ಕೆ 40 ಗಂಟೆಯಷ್ಟೇ ದುಡಿಯುವ ಹೃದಯದ ಡಾಕ್ಟರು ಯಾರೋ!) ಹೀಗಾಗಿ ಕೈಗೆ ಸಿಗುವುದು ಸರಾಸರಿ ಮಾತ್ರ. ಬಹಳ ಗಳಿಸುವ ಕೆಲವರು ಅದನ್ನು ಮೇಲಕ್ಕೆ ಎಳೆದಿರುತ್ತಾರೆ.

ದೊಡ್ಡ ಕೊರತೆ ಇನ್ನೊಂದು: ಸ್ವಂತ ಕ್ಲಿನಿಕ್ ನಡೆಸುವವರು, ಪಾಲುದಾರರು ಲೆಕ್ಕಕ್ಕೇ ಇಲ್ಲ. ಸ್ಟೆಂಟ್ ಹಾಕುವವರು, ಎಕೋ (ಹೃದಯದ ಅಲ್ಟ್ರಾಸೌಂಡ್) ನೋಡುವವರು ಎಂಬ ಭೇದವೂ ಇಲ್ಲ, ಗಳಿಕೆಯ ಅಂತರ ಇರುವುದೇ ಅಲ್ಲಿ. ಓವರ್‌ಟೈಮ್ ಹಣ ಸೇರುವುದಿಲ್ಲ. ಕೆಲಸದ ಪ್ರಮಾಣಕ್ಕೆ ಕೊಡುವ ಪ್ರೋತ್ಸಾಹಧನ ಸೇರುತ್ತದೆ.

ಸಣ್ಣ ರಾಜ್ಯದ ಅಂಕಿ ನೋಡುವಾಗ ಪಕ್ಕದ ದೋಷಪ್ರಮಾಣದ ಕಾಲಂ ಬಿಡಬೇಡಿ. ಬೆರಳೆಣಿಕೆಯ ವೈದ್ಯರಿರುವಲ್ಲಿ ಒಂದೆರಡು ಆಸ್ಪತ್ರೆಗಳು ಸಮೀಕ್ಷೆಗೆ ಕೊಟ್ಟ ಉತ್ತರವೇ ಸರಾಸರಿಯನ್ನು ಅಲುಗಾಡಿಸುತ್ತದೆ. ಮೂರು ವರ್ಷಗಳ ಸಮೀಕ್ಷೆಯನ್ನು ಒಟ್ಟುಗೂಡಿಸಿದ ಅಂಕಿಯಾದ್ದರಿಂದ ಕಳೆದ ವರ್ಷಕ್ಕೆ ಹೋಲಿಸಿ ಏರಿತು, ಇಳಿಯಿತು ಎನ್ನುವುದೂ ತಪ್ಪು.

ಬೆಂಗಳೂರಿನಿಂದ ಅಲ್ಲಿಗೆ ಹೋಗಿ ಫೆಲೋಶಿಪ್ (ತಜ್ಞರಾಗಲು ಪಡೆಯುವ ತರಬೇತಿ) ಮುಗಿಸುತ್ತಿರುವವರಿಗೆ ರಾಜ್ಯಗಳನ್ನು ಸ್ಥೂಲವಾಗಿ ತೂಗಿ ನೋಡಲು ಇದು ಸಾಕು. ಸಂಬಳ ಕುದುರಿಸಲು ಸಾಲದು.